ಚಲಪಥದ ಮೇಲೆ ಬೀಗರು

ಗದಗಿನ ಹೊರವಲಯದ ಎರೆಮಣ್ಣಿನ ಬಯಲಿನಲ್ಲಿ ಚಲಪಥ ಎಂದಿನಂತೆ ಹಿಂದಕ್ಕೆ ಓಡುತ್ತಿತ್ತು. ಫರ್ಲಾಂಗಿಗೂ ಉದ್ದವಾದ ರಬ್ಬರಿನ ಪಟ್ಟಿ ಅದು. ಅದರ ಮೇಲೆ ಸಾಲಾಗಿ ನಿಂತ ಸಣ್ಣ ವಿಮಾನಗಳನ್ನು ಪಕ್ಕದ ಕಂಬಗಳಿಗೆ ಸರಪಳಿಯಿಂದ ಬಿಗಿದಿದ್ದರು. ವಿಮಾನದ ಯಂತ್ರಗಳು ಬಂದ್ ಆಗಿದ್ದರೂ ಪಟ್ಟಿಯ ಓಟಕ್ಕೆ ಗಾಲಿಗಳು ಗಿರಗಿರನೆ ತಿರುಗುತ್ತಿದ್ದವು. ಬಸ್ಸಿನ ಹಾಗೆ ಊರೂರಿಗೂ ವಿಮಾನ ಹೋಗುವ ಆ ಕಾಲದಲ್ಲಿ ಸವೆದ ಗಾಲಿಗಳಿಂದ ಅಪಘಾತಗಳು ಹೆಚ್ಚಾಗಿದ್ದವು. ವಿಮಾನವನ್ನು ಹಾರಿಸದೆಯೇ ಗಾಲಿಯ ಬಾಳಿಕೆಯನ್ನು ಅಳೆಯುವ ಚಲಪಥ ಬಂದ ಮೇಲೆ ಅವು ಕಡಿಮೆಯಾದವು. ಅದನ್ನು ರೂಪಿಸಿದ ಡಾ. ಸುಮಿತ್ರಾ ಹೂಲಿ ಎಲ್ಲವನ್ನೂ ಲೆಕ್ಕ ಹಾಕಿದ್ದರು. ಅದರಿಂದ ಒಂದು ಮದುವೆ ಮುರಿಯುವ ಹಂತಕ್ಕೆ ಬರಬಹುದೆಂದು ಮಾತ್ರ ಅವರಿಗೆ ಹೊಳೆದಿರಲಿಲ್ಲ.

ಮದುವೆ ಅಲ್ಲಿಯ ಪೈಲಟ್ ನೀಲಗಂಗಾಳದು. ಹುಡುಗನನ್ನು ಅವಳೇ ಮೆಚ್ಚಿದ್ದಳು. ನಿಶ್ಚಯದ ದಿನ ಎರಡೂ ಕಡೆಯವರು ಚಲಪಥವನ್ನು ನೋಡಿ ಬಂದು ಊಟಕ್ಕೆ ಕುಳಿತರು. ಸರಪಳಿ ಬಿಚ್ಚಿ, ಪಟ್ಟಿ ಹಿಂದಕ್ಕೆ ಓಡುತ್ತಿರುವಾಗಲೇ ವಿಮಾನ ನಡೆಸಿದರೆ ಅದು ಹಾರೀತೇ ಎಂದು ಯಾರೋ ಕೇಳಿದರು. ಕೇಳಿದವರು ಹೋಳಿಗೆ ಮುಗಿಸಿ ಎದ್ದು ಹೋದರು, ಪ್ರಶ್ನೆ ಉಳಿಯಿತು.

"ಹಾರೂದಿಲ್ಲ," ಎಂದ ಹುಡುಗಿಯ ತಂದೆ ಫಕೀರಪ್ಪ. ಅವನು ಆಯುಷ್ಯವನ್ನೆಲ್ಲ ಹಿಟ್ಟಿನ ಗಿರಣಿಯಲ್ಲಿ ಕಳೆದವನು. "ಬೆಲ್ಟಿನ ಮ್ಯಾಲಿಂದು ಬೆಲ್ಟಿನ ಮಾತು ಕೇಳಬೇಕು. ಅದು ಮುಂದ ಓಡಿದಷ್ಟೂ ಪಟ್ಟಿ ಹಿಂದ ಎಳೀತೈತಿ. ನಿಂತಲ್ಲೇ ನಿಲ್ತೈತಿ."

ಹುಡುಗನ ತಂದೆ ಚನ್ನವೀರಗೌಡರು ಕಪ್ಪತಗುಡ್ಡದ ಗಾಳಿಯಂತ್ರಗಳಲ್ಲಿ ಪಳಗಿದವರು. "ವಿಮಾನ ನೆಲಾ ಒದ್ದು ಹೋಗೂದಲ್ರಿ ಬೀಗರ, ಗಾಳೀನ ಹಿಂದ ನೂಕಿ ಹೋಗೂದು. ನಿಮ್ಮ ಪಟ್ಟಿ ಗಾಳೀನ ಹಿಡದೀತೇನು?"

ಹೆಣ್ಣು ಕೊಡುವವರು ತಗ್ಗಿ ನಡೆಯಬೇಕೆಂಬುದು ಆ ಕಡೆಯ ರೂಢಿ. ಮನೆಬಾಗಿಲಿಗೆ ವಿಮಾನ ಬಂದರೂ ಆ ರೂಢಿ ಹೋಗಿರಲಿಲ್ಲ. ಮುಹೂರ್ತ, ಮಂಟಪ, ಅಡಿಗೆಯವರು ಎಲ್ಲದರಲ್ಲೂ ಫಕೀರಪ್ಪ ತಗ್ಗಿದ್ದ. ಬೆಲ್ಟಿನ ವಿಷಯದಲ್ಲಿ ಮಾತ್ರ ಅವನಿಂದ ಆಗಲಿಲ್ಲ.

"ಗಿರಣಿ ಹಿಟ್ಟು ಇವರ ತಲೀಗೂ ಹತ್ತೇತಿ," ಎಂದರು ಗೌಡರು. ಫಕೀರಪ್ಪ ಎಲೆಯ ಮುಂದಿನಿಂದ ಎದ್ದುಬಿಟ್ಟ. ಅಷ್ಟು ಜನರ ಎದುರಿಗೆ ಆದ ಮಾತು; ಇಬ್ಬರೂ ಹಿಂದೆ ಸರಿಯಲಿಲ್ಲ. ಚಲಪಥದ ಮೇಲೆ ವಿಮಾನ ಓಡಿಸಿಯೇ ಪರೀಕ್ಷೆ ಆಗಲಿ, ತಪ್ಪಿದವರು ಸಭೆಯಲ್ಲಿ ಒಪ್ಪಿಕೊಳ್ಳಬೇಕು, ಅಲ್ಲಿಯವರೆಗೆ ಮದುವೆಯ ಮಾತಿಲ್ಲ ಎಂದು ಗೌಡರು ಹೊರಟರು. ನೀಲಗಂಗಾ ಅಂದು ಊಟ ಮಾಡಲಿಲ್ಲ.

ಮರುದಿನ ಫಕೀರಪ್ಪ ಡಾ. ಹೂಲಿಯವರ ಬಳಿಗೆ ಬಂದ.

"ಓಡೋ ಬೆಲ್ಟಿನ ಮ್ಯಾಲೆ ಮಕ್ಕಳ ಆಟಿಗಿ ಬಂಡಿ ಇಡ್ರಿ," ಎಂದರು ಅವರು. "ನೀವು ನೆಲದ ಮ್ಯಾಲೆ ನಿಂತು ದಾರ ಹಿಡದು ಜಗ್ಗಿದ್ರ?"

"ನನ್ನ ಕಡೆ ಬರ್ತೈತಿ."

"ಬೆಲ್ಟು ಹಿಂದ ಓಡಾಕತ್ತೈತಲ್ಲ?"

"ಓಡಲಿ ಬಿಡ್ರಿ. ಬಂಡೀ ಗಾಲಿ ಜೋರು ತಿರಗ್ತಾವು, ಅಷ್ಟ..."

"ವಿಮಾನಕ್ಕ ಗಾಳೀನ ಆ ದಾರ. ಪಟ್ಟಿ ಗಾಲೀನಷ್ಟ ತಿರಗಸ್ತೈತಿ, ವಿಮಾನಾನ ಹಿಡಿಯೂದಿಲ್ಲ. ಅದು ಹಾರೇ ಹಾರ್ತೈತಿ."

ಫಕೀರಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದ. "ತಿಳೀತ್ರಿ. ಆದ್ರ ತಿಳಿಯೂದು ಬ್ಯಾರೆ, ಬೀಗರ ಮುಂದ ಹೇಳೂದು ಬ್ಯಾರೆ. ಇದೊಂದರಾಗರ ನಾ ತಲೀ ಎತ್ತಿ ನಿಂತಿದ್ದೆ."

ಪರೀಕ್ಷೆಯ ದಿನ ಬಯಲೆಲ್ಲ ಜನ. ಚಲಪಥ ಪೂರ್ತಿ ವೇಗಕ್ಕೆ ಬಂದಾಗ ಸರಪಳಿ ಬಿಚ್ಚಿದರು. ಪಟ್ಟಿಯ ಮೇಲಿದ್ದ ಒಂದೇ ವಿಮಾನದಲ್ಲಿ ಕುಳಿತ ನೀಲಗಂಗಾ, ಗಾಳಿಯನ್ನು ಹಿಂದಕ್ಕೆ ನೂಕುವ ಮೂತಿಯ ರೆಕ್ಕೆಚಕ್ರವನ್ನು ಮೆಲ್ಲಗೆ ತಿರುಗಿಸಿದಳು. ತಿರುಗುವ ಗಾಲಿಯಲ್ಲೂ ಒಂದಿಷ್ಟು ಘರ್ಷಣೆ ಇರುತ್ತದೆ. ಆ ಘರ್ಷಣೆಯನ್ನು ಸರಿದೂಗಿಸುವಷ್ಟೇ ನೂಕುಬಲ ಕೊಟ್ಟಳು. ವಿಮಾನ ಹಿಂದಕ್ಕೂ ಹೋಗಲಿಲ್ಲ, ಮುಂದಕ್ಕೂ ಬರಲಿಲ್ಲ. ಕೆಳಗೆ ಪಟ್ಟಿ ಭೋರೆಂದು ಓಡುತ್ತಿದ್ದರೂ ಅದು ನಿಂತಲ್ಲೇ ನಿಂತಿತು. ಹೆಣ್ಣಿನ ಕಡೆಯವರು ಶಿಳ್ಳೆ ಹಾಕಿದರು. ಗೌಡರ ಮುಖ ಇಳಿಯಿತು. ಆಮೇಲೆ ಅವಳು ಪೂರ್ತಿ ಬಲ ಕೊಟ್ಟಳು. ಗಾಲಿಗಳು ಎರಡು ಪಟ್ಟು ವೇಗದಲ್ಲಿ ತಿರುಗಿದವು, ವಿಮಾನ ಮುಂದಕ್ಕೆ ಓಡಿ, ಪಟ್ಟಿ ಮುಗಿಯುವ ಮೊದಲೇ ಮೇಲೆದ್ದು ಹಾರಿತು. ಗಂಡಿನ ಕಡೆಯವರು ಪೇಟ ಹಾರಿಸಿದರು. ನಿಂತೂ ನಿಂತಿತು, ಹಾರಿಯೂ ಹಾರಿತು ಎಂದು ಜನ ನಗುತ್ತ ಚದುರಿದರು.

ವಿಮಾನ ಇಳಿದ ಮೇಲೆ ಡಾ. ಹೂಲಿ ಸಿಟ್ಟಿನಿಂದಲೇ ಕೇಳಿದರು. "ಆ ನಿಲ್ಲೂದು ಪರೀಕ್ಷೆದಾಗ ಇರಲಿಲ್ಲಲ್ಲವಾ?"

"ಅಪ್ಪನ ಸಲುವಾಗಿ ಒಂದೀಟು ನಿಂತೆರಿ ಮೇಡಂ," ಎಂದಳು ನೀಲಗಂಗಾ. "ಆಮ್ಯಾಲೆ ಹೋಗೂದು ಇದ್ದದ್ದ."

ಫಕೀರಪ್ಪ ಹಿಂದೆಯೇ ನಿಂತಿದ್ದ. ಅವನಿಗೆ ಅದು ಹೊಸದೇನಲ್ಲ. ಕಾಳು ಹಾಕದೆ ತಿರುಗುವ ಬೀಸುಕಲ್ಲಿನ ಸದ್ದು ಬಲ್ಲವನಿಗೆ ರೆಕ್ಕೆಚಕ್ರದ ಸಣ್ಣ ಸದ್ದು ಮಗಳು ಪೂರ್ತಿ ಬಲ ಕೊಟ್ಟಿಲ್ಲವೆಂದು ಆಗಲೇ ಹೇಳಿತ್ತು. ಮಗಳ ಕೃಪೆಯಿಂದ ಸಿಕ್ಕ ಗೆಲುವು ಅವನಿಗೆ ಸೋಲಿಗಿಂತ ಭಾರವಾಯಿತು. ಅವನು ನೇರವಾಗಿ ಗೌಡರ ಮುಂದೆ ಹೋಗಿ ನಿಂತ.

"ನೀವ ಗೆದ್ರಿ ಬೀಗರ. ಅದು ತಾನಾಗಿ ನಿಲ್ಲಲಿಲ್ಲ, ನನ್ನ ಮಗಳು ನನ್ನ ಮಾನಕ್ಕಂತ ತಡದು ನಿಲ್ಲಿಸಿದ್ಲು."

ಜಗಳಕ್ಕೆ ಸಜ್ಜಾಗಿದ್ದ ಗೌಡರು ತಬ್ಬಿಬ್ಬಾದರು. ತಗ್ಗಿದವನ ಮುಂದೆ ಎತ್ತರ ನಿಲ್ಲುವುದು ಅವರಿಗೂ ನಾಚಿಕೆಯೆನಿಸಿತು. "ಹೆಂಗ ನಿಲ್ಲಿಸಲಿ, ನಿಂತದ್ದು ನಾ ಕಣ್ಣಾರೆ ನೋಡೇನಿ. ಗೆದ್ದವರು ನೀವು."

"ಹಾರಿತಲ್ರಿ!"

"ನಿಂತಿತ್ತಲ್ರಿ!"

ಹೀಗೆ ವಾದ ಮುಗಿಯದೆ ಪಕ್ಷಗಳು ಮಾತ್ರ ಅದಲುಬದಲಾದವು. ಮುಂದಿನ ತಿಂಗಳು ಮದುವೆಯಾಯಿತು. ಹೆಣ್ಣನ್ನು ಕಳಿಸುವ ಹೊತ್ತಿನಲ್ಲೂ ಬೀಗರಿಬ್ಬರು ಚಪ್ಪರದ ಕೆಳಗೆ ಒಬ್ಬರಿಗೊಬ್ಬರು ಗೆಲುವನ್ನು ದಾಟಿಸುತ್ತಲೇ ಇದ್ದರು. ಬಾಗಿಲ ಮುಂದೆ ಮದುಮಗಳ ಕಾರು ಚಾಲೂ ಆಗಿ ನಿಂತಿತ್ತು. ಸ್ಟೀರಿಂಗ್ ಹಿಡಿದು ನೀಲಗಂಗಾಳೇ ಕುಳಿತಿದ್ದಳು. ಯಾಕೆ ಹೊರಡಲಿಲ್ಲವೆಂದು ಯಾರೂ ಕೇಳಲಿಲ್ಲ.

ಫಕೀರಪ್ಪ ಮಾತನ್ನು ಅರ್ಧಕ್ಕೆ ಬಿಟ್ಟು ಕಾರಿನ ಹತ್ತಿರ ಬಂದ. ಕಿಟಕಿಯೊಳಗೆ ಕೈಹಾಕಿ ಮಗಳ ತಲೆ ಸವರಿದ.

"ನಿಂತದ್ದು ಸಾಕು, ಹೋಗಿ ಬಾರವ್ವಾ," ಎಂದ.