ಲ್ಯಾಂಡಿಂಗ್ ಆಗುವವರೆಗೆ ಬಾಯಿ ಬಿಡಬೇಡ

"ನನ್ನ ಕಾರಿನ ವೈರು ಕಿತ್ತಿದ್ದು ಯಾರು?"

ಬೆಳಿಗ್ಗೆ ಬಾಗಿಲು ತೆರೆದರೆ ಎದುರಿಗೆ ಒಬ್ಬ ಅಪರಿಚಿತ. ಹುಬ್ಬಿನ ಮೇಲೆಲ್ಲ ಹಿಮ. ಮೂಗು ಕೆಂಪು, ಕಣ್ಣು ಅದಕ್ಕಿಂತ ಕೆಂಪು.

ಫ್ಲೋರಬೆಲ್ ಫಿಲಿಪೈನ್ಸ್‌ನಿಂದ ಕೆನಡಾದ ವಿನ್ನಿಪೆಗ್‌ಗೆ ಬಂದು ಇನ್ನೂ ವಾರವಾಗಿರಲಿಲ್ಲ. ಹಿಂದಿನ ಸಂಜೆ ಕೆಳಗಿನ ಪಾರ್ಕಿಂಗ್‌ನಲ್ಲಿ ಒಂದು ಕಾರಿನ ಮೂತಿಯಿಂದ ವೈರು ಇಳಿದು ಗೋಡೆಯ ಪ್ಲಗ್ಗಿಗೆ ಹೋಗಿದ್ದನ್ನು ಕಂಡಿದ್ದಳು. ಅಯ್ಯೋ ಪಾಪ, ಯಾರೋ ಮರೆತಿದ್ದಾರೆ, ಸುಮ್ಮನೆ ಕರೆಂಟು ದಂಡ ಎಂದುಕೊಂಡು ಅದನ್ನು ಕಿತ್ತು, ನೀಟಾಗಿ ಸುರುಳಿ ಸುತ್ತಿ, ಬಾನೆಟ್ ಮೇಲಿಟ್ಟು ಬಂದಿದ್ದಳು. ಉಪಕಾರ ಮಾಡಿದೆನೆಂಬ ಹೆಮ್ಮೆ ಬೇರೆ!

"ನಾನೇ..." ಅಂದಳು ಮೆಲ್ಲಗೆ. "ಕಾರಿಗೂ ಕರೆಂಟು ಬೇಕಾ?"

ಬೈಯಲೆಂದೇ ಎರಡು ಮಹಡಿ ಹತ್ತಿ ಬಂದಿದ್ದವನು ಅವಳ ಕಾಲಿನ ಕಡೆ ನೋಡಿದ. ಹೊರಗೆ ಉಸಿರೇ ಹೆಪ್ಪುಗಟ್ಟುವ ಚಳಿ, ಇವಳು ಹವಾಯಿ ಚಪ್ಪಲಿಯಲ್ಲಿ ನಿಂತಿದ್ದಾಳೆ. ಅವನಿಗೆ ನಗು ಬಂದೇಬಿಟ್ಟಿತು.

"ಬೇಕು. ಇಲ್ದಿದ್ರೆ ಬೆಳಗಾಗೋದ್ರಲ್ಲಿ ಇಂಜಿನ್ ಕಲ್ಲಾಗತ್ತೆ," ಅಂದ. "ಮೊದ್ಲು ಒಂದು ಜೊತೆ ಬೂಟ್ಸ್ ತಗೊಳ್ಳಿ. ಆಮೇಲೆ ಊರಿನ ಕರೆಂಟು ಉಳಿಸಿ."

ಅವನೇ ಅರ್ನೆಲ್, ಅವಳ ದೇಶದವನೇ. ಶಾಲೆಯ ಬಸ್ಸು ಓಡಿಸುವವನು. ಆ ಕಟ್ಟಡದಲ್ಲಿ ಯಾರು ಆಸ್ಪತ್ರೆಗೆ ಹೋಗಬೇಕು, ಯಾರು ವಿಮಾನ ನಿಲ್ದಾಣಕ್ಕೆ ಹೋಗಬೇಕು ಅಂದರೂ ಅವನ ಕಾರೇ ಗತಿ. ಯಾರಿಗೂ ಇಲ್ಲ ಅಂದವನಲ್ಲ.

ಚಳಿಗಾಲದ ಕೋಟು ಹೊಲಿಯುವ ಕಾರ್ಖಾನೆಯಲ್ಲಿ ಫ್ಲೋರಬೆಲ್‌ಗೆ ಕೆಲಸ. ಬಸ್ ತಪ್ಪಿದ ದಿನ ಅರ್ನೆಲ್ ಬಿಟ್ಟುಬರುತ್ತಿದ್ದ. ಬರುಬರುತ್ತಾ ಬಸ್ ತಪ್ಪುವ ದಿನಗಳು ಜಾಸ್ತಿಯಾದವು. ಹೇಗೆ ತಪ್ಪುತ್ತಿತ್ತೋ, ಆ ದೇವರಿಗೇ ಗೊತ್ತು! ಮೊದಮೊದಲು ಅವನನ್ನು 'ಕುಯಾ' ಅನ್ನುತ್ತಿದ್ದಳು. ಕುಯಾ ಎಂದರೆ ಅಣ್ಣ. ಒಂದು ದಿನ ಆ ಪದ ತಾನಾಗಿ ಬಿದ್ದುಹೋಯಿತು. ಇಬ್ಬರೂ ಗಮನಿಸಿದರು, ಇಬ್ಬರೂ ಗಮನಿಸದವರಂತೆ ಇದ್ದರು.

ಲೋರ್ನಾ ಚಿಕ್ಕಮ್ಮ ಮಾತ್ರ ಸುಮ್ಮನಿರಲಿಲ್ಲ. ಫ್ಲೋರಬೆಲ್ ಇದ್ದದ್ದು ಇವರ ಮನೆಯಲ್ಲೇ. ಪಿಆರ್ ಎಂದರೆ ಕೆನಡಾದಲ್ಲಿ ಕಾಯಂ ನೆಲೆಸುವ ಹಕ್ಕು, ಲ್ಯಾಂಡಿಂಗ್ ಎಂದರೆ ಅದರ ಕೊನೆಯ ಠಸ್ಸೆ; ಆ ವಿಷಯದಲ್ಲಿ ಚಿಕ್ಕಮ್ಮನ ಮುಂದೆ ವಕೀಲರೂ ಬಾಯಿ ಮುಚ್ಚಬೇಕು.

"ಅರ್ಜೀಲಿ ಮದುವೆ ಆಗಿಲ್ಲ ಅಂತ ಹಾಕಿದ್ದೀಯ," ಅಂತ ದಿನಕ್ಕೊಮ್ಮೆಯಾದರೂ ಎಚ್ಚರಿಸುತ್ತಿದ್ದರು. "ಲ್ಯಾಂಡಿಂಗ್ ಠಸ್ಸೆ ಬೀಳೋವರೆಗೂ ಹಾಗೇ ಇರ್ಬೇಕು. ಮದುವೆ ಆದ್ರೆ ಹೇಳ್ಲೇಬೇಕು, ಎಲ್ಲಾ ಮೊದಲಿಂದ. ಮುಚ್ಚಿಟ್ಟು ಒಳಗೆ ಬಂದ್ಯೋ, ಆ ಗಂಡನ್ನ ಆಮೇಲೆ ನೀನು ಕರೆಸ್ಕೊಂಡ ಹಾಗೇ. ಚರ್ಚಿನ ಗ್ಲೆಂಡಾ ಹಾಗೇ ಮುಚ್ಚಿಟ್ಟು ಬಂದು, ಅವಳ ಗಂಡ ಇನ್ನೂ ಊರಲ್ಲೇ ಇದ್ದಾನೆ, ಗೊತ್ತಲ್ಲ?"

ಕಾನೂನು ಹೇಳುವುದು ಮದುವೆಯ ಮಾತನ್ನಷ್ಟೇ. ಚಿಕ್ಕಮ್ಮನ ಕಾನೂನು ಇನ್ನೂ ಬಿಗಿ. ಪ್ರೀತಿ ಗೀತಿ ಅಂತಲೂ ಬಾಯಿ ಬಿಡಕೂಡದು, ಕೌಂಟರಿನಲ್ಲಿ ನಾಲಿಗೆ ತಪ್ಪಿದರೆ ಎಲ್ಲಾ ಕೆಟ್ಟಿತು ಎಂದು ಅವರ ನಂಬಿಕೆ. ಅವಳ ಕೆಲಸದ ಪರವಾನಗಿಯೂ ಮುಗಿಯುತ್ತ ಬಂದಿತ್ತು. ಲ್ಯಾಂಡಿಂಗ್ ಆಗದಿದ್ದರೆ ಗಂಟುಮೂಟೆ ಕಟ್ಟಿಕೊಂಡು ವಾಪಸ್ ಹೊರಡಬೇಕು.

ಅಂತೂ ಎರಡು ಚಳಿಗಾಲ ಕಳೆದ ಮೇಲೆ ಪಿಆರ್ ಪತ್ರ ಬಂತು!

ಆ ಕಾಲದಲ್ಲಿ ಲ್ಯಾಂಡಿಂಗ್ ಎಂದರೆ ಇದೊಂದು ತಮಾಷೆ. ಒಳಗೇ ಇರುವವರು ಒಮ್ಮೆ ದೇಶ ದಾಟಿ ಮತ್ತೆ ಒಳಗೆ ಬರಬೇಕು. ಊರಿನ ಕಚೇರಿಯಲ್ಲೂ ಮಾಡಿಕೊಡುತ್ತಿದ್ದರು, ಆದರೆ ಸರದಿ ಬರುವಷ್ಟರಲ್ಲಿ ಪತ್ರದ ಅವಧಿಯೇ ಮುಗಿಯುತ್ತಿತ್ತು. ಹಾಗಾಗಿ ಎಲ್ಲರೂ ಕಾರು ಹತ್ತಿ ಅಮೆರಿಕದ ಗಡಿಗೆ ಹೋಗುವುದು, ಅಲ್ಲಿನವರಿಂದ 'ಒಳಗೆ ಬಿಡಲ್ಲ' ಅನ್ನಿಸಿಕೊಳ್ಳುವುದು, ತಿರುಗಿ ಬಂದು ಕೆನಡಾ ಕಡೆ ಠಸ್ಸೆ ಹಾಕಿಸಿಕೊಳ್ಳುವುದು. ಬೇಡ ಅನ್ನಿಸಿಕೊಳ್ಳಲೆಂದೇ ಜನ ಖುಷಿಯಿಂದ ಹೊರಡುತ್ತಿದ್ದರು.

ಫ್ಲೋರಬೆಲ್ ಪತ್ರ ಹಿಡಿದು ಅರ್ನೆಲ್ ಬಾಗಿಲಿಗೆ ಓಡಿದಳು. ಅವನ ಮುಖ ಅರಳಿತು. ಗಡಿಗೆ ಕರೆದುಕೊಂಡು ಹೋಗುವಿರಾ ಅಂದಾಗ ಅದೇ ಮುಖ ಬಾಡಿತು.

"ಬೇರೆ ಯಾರನ್ನಾದ್ರೂ ಕೇಳು ಬೆಲ್. ನಂಗೆ ಗಡಿ ಕಡೆ ಬರೋಕಾಗಲ್ಲ."

ಯಾಕೆ ಅಂದರೆ ಬಸ್ಸಿಗೆ ಹೊತ್ತಾಯಿತೆಂದು ಹೊರಟೇಬಿಟ್ಟ. ಊರಿಗೆಲ್ಲ ಬೇಕಾದವನು... ನನ್ನೊಬ್ಬಳಿಗೆ ಯಾಕೆ ಆಗಲ್ಲ?

ಚಿಕ್ಕಮ್ಮನನ್ನು ಕೇಳಿದಳು. ಅವರು ಮೀನು ಹುರಿಯುತ್ತಾ, ಅವನು ಪಿಆರ್ ತೆಗೆದುಕೊಂಡ ಮೇಲೂ ತನ್ನ ಊರು ಬತಂಗಾಸ್‌ಗೆ ಹೋಗಿ ವರ್ಷಗಟ್ಟಲೆ ಕೂತಿದ್ದನೆಂದೂ, 'ಸಿಯಾ'ನ್ನು ಬಿಟ್ಟು ಬರಲು ಮನಸ್ಸಾಗಲಿಲ್ಲವಂತೆ ಎಂದೂ ಹೇಳಿದರು. ಅಷ್ಟರಲ್ಲಿ ಯಾರದೋ ಫೋನ್ ಬಂತು, ಮಾತು ಅಲ್ಲಿಗೇ ನಿಂತಿತು.

ಕನ್ನಡದಲ್ಲಾದರೆ ಅವನೋ ಅವಳೋ ಬಿಡಿಸಿ ಹೇಳಬೇಕು. ಇವರ ತಗಾಲೋಗ್‌ನಲ್ಲಿ ಗಂಡಿಗೂ ಹೆಣ್ಣಿಗೂ ಒಂದೇ ಪದ, ಸಿಯಾ. ಮನಸ್ಸು ನೊಂದವರು ಕೆಟ್ಟದ್ದನ್ನೇ ತಾನೇ ಕೇಳಿಸಿಕೊಳ್ಳುವುದು? ಫ್ಲೋರಬೆಲ್ ಕಿವಿಗೆ ಅದು ಹೆಂಡತಿ ಅಂತಲೇ ಬಿತ್ತು.

'ಹೆಂಡತಿ ಇಟ್ಕೊಂಡು ನನ್ನ ಜೊತೆ ನಗ್ತಾ ಓಡಾಡಿದ್ನಾ! ನಾನೆಂಥ ಪೆದ್ದಿ...'

ಮರುದಿನ ಮೆಟ್ಟಿಲಲ್ಲಿ ಅವನು ಎದುರಾದಾಗ, "ನೀವು ತೊಂದ್ರೆ ತಗೋಬೇಡಿ, ಅರ್ನೆಲ್ ಕುಯಾ," ಅಂದಳು. ಕುಯಾ ಅನ್ನುವುದನ್ನು ಒತ್ತಿ ಹೇಳಿದಳು. ಅವನು ಕೆನ್ನೆಗೆ ಹೊಡೆಸಿಕೊಂಡವನ ಹಾಗೆ ನಿಂತುಬಿಟ್ಟ.

ಚಿಕ್ಕಪ್ಪನ ವ್ಯಾನಿನಲ್ಲಿ ಹೋಗುವುದೆಂದಾಯಿತು. ಚಿಕ್ಕಪ್ಪ ಇವತ್ತು ನಾಳೆ ಅನ್ನುತ್ತಾ ಪತ್ರದ ಕೊನೆಯ ದಿನದವರೆಗೂ ಎಳೆದರು. ಆ ದಿನವೇ ವ್ಯಾನು ಗೇರ್ ಹಿಡಿಯದೆ ಕೂತುಬಿಟ್ಟಿತು! ಚಿಕ್ಕಮ್ಮ ಗಂಡನಿಗೆ ಬೈದ ಬೈಗುಳ ಇಡೀ ಕಟ್ಟಡಕ್ಕೆ ಕೇಳಿಸಿತು.

ಫ್ಲೋರಬೆಲ್ ಪಾರ್ಕಿಂಗ್‌ನಲ್ಲಿ ಪತ್ರ ಅವುಚಿಕೊಂಡು ನಿಂತು ಅಳುತ್ತಿದ್ದಳು. ಒಂದು ಕಾರು ಬಂದು ಪಕ್ಕದಲ್ಲಿ ನಿಂತಿತು.

"ಹತ್ತು," ಅಂದ ಅರ್ನೆಲ್.

"ಗಡಿ ಕಡೆ ಬರೋಕಾಗಲ್ಲ ಅಂದಿದ್ರಿ."

"ಹತ್ತು ಬೆಲ್. ಹೊತ್ತಾಗತ್ತೆ."

ದಾರಿಯುದ್ದಕ್ಕೂ ಬಯಲು, ಹೊಲ, ಮತ್ತೆ ಬಯಲು. ಅವನ ಕೈ ಸ್ಟಿಯರಿಂಗ್ ಮೇಲೆ ಬಿಗಿಯಾಗಿತ್ತು. ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಕೊನೆಗೆ ತಡೆಯಲಾರದೆ, ಊರಲ್ಲಿರೋ ಸಿಯಾ ಚೆನ್ನಾಗಿದ್ದಾರಾ ಎಂದು ಕೇಳಿಯೇಬಿಟ್ಟಳು.

"ನೀನು ಇಲ್ಲಿಗೆ ಬರೋ ಮುಂಚೆನೇ ತೀರ್ಕೊಂಡ್ರು," ಅಂದ.

ಫ್ಲೋರಬೆಲ್‌ಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಹೆಂಡತಿ ಸತ್ತವನನ್ನು ಕುಯಾ ಗಿಯಾ ಅಂತ ಚುಚ್ಚಿದೆನಲ್ಲ... ಪಾಪಿ ನಾನು. ಮತ್ತೆ ಕಿಟಕಿಯ ಕಡೆ ತಿರುಗಿದಳು.

ಅಮೆರಿಕದವರು ಸಲೀಸಾಗಿ ಬೇಡ ಅಂದರು, ಚೀಟಿ ಕೊಟ್ಟರು. ತಿರುಗಿ ಕೆನಡಾ ಕಡೆ ಬಂದರೆ ಕೌಂಟರಿನಲ್ಲಿ ತಲೆ ನರೆತ ಅಧಿಕಾರಿಣಿ. ಪತ್ರ ನೋಡಿದರು, ಪಾಸ್‌ಪೋರ್ಟ್ ನೋಡಿದರು. ಮದುವೆ ಆಗಿದೆಯೇ, ಮಕ್ಕಳಿದ್ದಾರೆಯೇ ಎಂದು ಕೇಳಿದರು. ಇಲ್ಲ, ಇಲ್ಲ ಅಂದಳು ಫ್ಲೋರಬೆಲ್. ಅಧಿಕಾರಿಣಿಯ ಕೈಗೆ ಠಸ್ಸೆ ಬಂತು...

"ಜೊತೇಲಿ ಬಂದವರ ಕಾರ್ಡ್ ಕೊಡಿ," ಅಂದರು.

ಅರ್ನೆಲ್ ತನ್ನ ಪಿಆರ್ ಕಾರ್ಡ್ ಮುಂದಿಟ್ಟ. ಅಧಿಕಾರಿಣಿ ಕಂಪ್ಯೂಟರ್ ನೋಡುತ್ತಾ ಠಸ್ಸೆಯನ್ನು ಪಕ್ಕಕ್ಕಿಟ್ಟರು. ದೇಶದ ಹೊರಗೆ ಎಷ್ಟು ಕಾಲ ಇದ್ದಿರಿ ಎಂದು ಕೇಳಿದರು. ಮೂರು ವರ್ಷಕ್ಕೂ ಮೇಲೆ ಅಂದ ಅವನು. ಐದು ವರ್ಷದಲ್ಲಿ ಎರಡು ವರ್ಷವಾದರೂ ಇಲ್ಲಿರಬೇಕಲ್ಲವೇ, ಇಲ್ಲದಿದ್ದರೆ ಪಿಆರ್ ಉಳಿಯುವುದಿಲ್ಲ, ಗೊತ್ತಿಲ್ಲವೇ ಎಂದರು.

ಅವನಿಗೆ ಗೊತ್ತಿತ್ತು. ಗಡಿಯ ಕಡೆ ತಲೆ ಹಾಕದೆ, ಯಾರ ಕಣ್ಣಿಗೂ ಬೀಳದೆ, ಇನ್ನೊಂದಿಷ್ಟು ಕಾಲ ವಿನ್ನಿಪೆಗ್‌ನಲ್ಲೇ ಇದ್ದುಬಿಟ್ಟಿದ್ದರೆ ಲೆಕ್ಕ ಸರಿಹೋಗುತ್ತಿತ್ತು.

ಫ್ಲೋರಬೆಲ್ ಥಟ್ಟನೆ ಅವನ ಕಡೆ ತಿರುಗಿದಳು. ಇದಕ್ಕಾ ಬರಲ್ಲ ಅಂದಿದ್ದು? ಇಷ್ಟೆಲ್ಲ ಗೊತ್ತಿದ್ದೂ ಇವತ್ತು ಬಂದನಾ... ನನಗೋಸ್ಕರ?

"ನನ್ನ ತಂದೆಗೆ ಪಾರ್ಶ್ವವಾಯು ಆಗಿತ್ತು ಮೇಡಂ," ಅರ್ನೆಲ್ ಮೆಲ್ಲಗೆ ಹೇಳುತ್ತಿದ್ದ. "ತಾಯಿ ಇಲ್ಲ. ನಾನೊಬ್ಬನೇ ಮಗ. ತುತ್ತು ಕೂಡ ನಾನೇ ತಿನ್ನಿಸ್ಬೇಕಿತ್ತು. ಕೊನೆವರೆಗೂ ಬಿಟ್ಟು ಬರೋಕಾಗ್ಲಿಲ್ಲ."

ತಂದೆ! ಸಿಯಾ ಅಂದರೆ ತಂದೆ!

ನಮ್ಮ ಹುಡುಗಿಗೆ ಇನ್ನು ತಡೆಯಲಾಗಲಿಲ್ಲ. ಕೌಂಟರಿಗೆ ಎದೆಯೊತ್ತಿ ನಿಂತು ಇಂಗ್ಲಿಷಿನಲ್ಲಿ ಶುರುಮಾಡಿಯೇಬಿಟ್ಟಳು. ಗಾಬರಿಯಾದರೆ ಈ ಜನರ ಇಂಗ್ಲಿಷಿನಲ್ಲಿ ಗಂಡು ಹೆಣ್ಣೆಲ್ಲ ಕಲಸುಮೇಲೋಗರ.

"ಅವಳು ಒಳ್ಳೆಯವಳು ಮೇಡಂ! ಅವಳು ಅಪ್ಪನ್ನ ಮಗು ಥರ ನೋಡ್ಕೊಂಡಿದ್ದಾಳೆ. ದಯವಿಟ್ಟು ಅವಳನ್ನ ವಾಪಸ್ ಕಳಿಸ್ಬೇಡಿ."

ಅಧಿಕಾರಿಣಿ ಕನ್ನಡಕ ಸರಿಮಾಡಿಕೊಂಡರು. "ಯಾವ ಅವಳು? ಇವರ ಹೆಂಡತಿನಾ?"

"ಇಲ್ಲ ಮೇಡಂ, ಅವಳಿಗೆ ಹೆಂಡತಿ ಇಲ್ಲ!"

ಪಕ್ಕದ ಕೌಂಟರಿನವನು ಮುಖ ಮರೆಮಾಡಿಕೊಂಡು ನಕ್ಕ. ಅರ್ನೆಲ್ ಅಂಥ ಹೊತ್ತಿನಲ್ಲೂ ತುಟಿ ಕಚ್ಚಿಕೊಂಡ. ಅಧಿಕಾರಿಣಿ ಮಾತ್ರ ನಗಲಿಲ್ಲ. ಅವಳ ಪತ್ರವನ್ನೂ ಅವನ ಕಾರ್ಡನ್ನೂ ಅಕ್ಕಪಕ್ಕ ಇಟ್ಟು ನೇರವಾಗಿ ನೋಡಿದರು.

"ಇವರು ನಿಮಗೆ ಏನಾಗ್ಬೇಕು?"

ಚಿಕ್ಕಮ್ಮನ ದನಿ ಕಿವಿಯಲ್ಲಿ ಗುಂಯ್‌ಗುಟ್ಟಿತು. ಬಾಯಿ ಬಿಡಬೇಡ! ಠಸ್ಸೆ ಇನ್ನೂ ಬಿದ್ದಿಲ್ಲ. ಏನೂ ಆಗಬೇಕಿಲ್ಲ ಅಂದುಬಿಟ್ಟರೆ ಅವಳ ಕೆಲಸ ಮುಗಿಯಿತು. ಆದರೆ ಪಕ್ಕದಲ್ಲಿ ನಿಂತವನು ತನ್ನದೆಲ್ಲವನ್ನೂ ಒತ್ತೆಯಿಟ್ಟು ಬಂದಿದ್ದಾನೆ. ಅವನನ್ನು ಯಾರೋ ಡ್ರೈವರ್ ಅನ್ನಲು ಅವಳಿಗೆ ಮನಸ್ಸಾಗಲಿಲ್ಲ.

"ಇವತ್ತಿನವರೆಗೂ ಏನೂ ಆಗಿಲ್ಲ ಮೇಡಂ," ಅಂದಳು. "ಆಗ್ಬೇಕು ಅಂತ ನಂಗಾಸೆ. ಇವ್ರಿಗೆ ಹೇಗೋ ಗೊತ್ತಿಲ್ಲ, ನಾನಿನ್ನೂ ಕೇಳಿಲ್ಲ. ಇದ್ರಿಂದ ನನ್ನ ಲ್ಯಾಂಡಿಂಗ್ ಕೆಡತ್ತೆ ಅಂದ್ರೆ... ಕೆಡ್ಲಿ. ಸುಳ್ಳು ಹೇಳೋಕೆ ನಂಗಾಗಲ್ಲ."

ಅರ್ನೆಲ್ ಅವಳ ಕಡೆ ತಿರುಗಿದವನು ಹಾಗೇ ನೋಡುತ್ತಾ ನಿಂತ.

ಒಂದೇ ಮನೆಯಲ್ಲಿ ಸಂಸಾರ ಮಾಡುತ್ತಿದ್ದೀರಾ ಎಂದು ಕೇಳಿದರು ಅಧಿಕಾರಿಣಿ. ಇಬ್ಬರೂ ಒಟ್ಟಿಗೇ ತಲೆಯಾಡಿಸಿ ಇಲ್ಲ ಅಂದರು.

"ಮನಸ್ಸಲ್ಲಿ ಇಟ್ಕೊಂಡಿರೋದಕ್ಕೆ ನಮ್ಮ ಹತ್ರ ಕಾಲಂ ಇಲ್ಲಮ್ಮ," ಅಂದರು. ಠಸ್ಸೆ ಧಪ್ಪನೆ ಬಿತ್ತು. "ಕೆನಡಾಗೆ ಸ್ವಾಗತ."

ಆಮೇಲೆ ಅವನ ಕಾರ್ಡ್ ಹಿಡಿದು ಒಳಗೆ ಹೋದರು. ಫ್ಲೋರಬೆಲ್‌ಗೆ ತನ್ನ ಠಸ್ಸೆಯ ಕಡೆ ಕಣ್ಣೂ ಹೋಗಲಿಲ್ಲ. ಒಳಬಾಗಿಲನ್ನೇ ನೋಡುತ್ತಾ ಮೇರಿ ಮಾತೆಗೆ ಹರಕೆಯ ಮೇಲೆ ಹರಕೆ ಹೊತ್ತಳು.

ಎಷ್ಟೋ ಹೊತ್ತಿನ ಮೇಲೆ ಅಧಿಕಾರಿಣಿ ಹೊರಗೆ ಬಂದರು. ತಂದೆಯ ಆರೈಕೆ ಒಪ್ಪುವಂಥ ಕಾರಣವೇ, ವರದಿ ಬರೆದು ಇದನ್ನು ಮುಂದಕ್ಕೆ ಕಳಿಸುವುದಿಲ್ಲ ಅಂದರು. ಕಾರ್ಡ್ ಹೊಸದು ಮಾಡಿಸುವಾಗ ಆಸ್ಪತ್ರೆಯ ದಾಖಲೆಗಳನ್ನೆಲ್ಲ ಲಗತ್ತಿಸಬೇಕು, ಎರಡು ವರ್ಷ ತುಂಬುವವರೆಗೆ ದೇಶ ಬಿಟ್ಟು ಕದಲಬಾರದು ಎಂದು ಕಟ್ಟಪ್ಪಣೆ ಮಾಡಿ ಕಾರ್ಡ್ ವಾಪಸ್ ಕೊಟ್ಟರು.

ಹೊರಗೆ ಬಂದ ಕೂಡಲೇ ಫ್ಲೋರಬೆಲ್ ಅವನ ತೋಳಿಗೆ ಒಂದೇಟು ಕೊಟ್ಟಳು. ಕಣ್ಣಲ್ಲಿ ಧಾರಾಕಾರ ನೀರು.

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ನನ್ನ ಕಾರು ಹತ್ತುತ್ತಿದ್ಯಾ?"

ಅವಳು ಇನ್ನೊಂದೇಟು ಕೊಟ್ಟಳು.

"ಇನ್ನೊಂದು ಮಾತೂ ಹೇಳಿರ್ಲಿಲ್ಲ," ಅಂದ ಅವನು, ನೆಲ ನೋಡುತ್ತಾ. "ನೀನು ಮದುವೆ ಇಲ್ದೇ ಲ್ಯಾಂಡ್ ಆಗ್ಬೇಕಿತ್ತಲ್ಲ. ಮೊದ್ಲೇ ಕೇಳಿದ್ರೆ ನಿನ್ನ ದಾರಿಗೆ ಅಡ್ಡ ಬಂದ ಹಾಗಾಗತ್ತೆ ಅಂತ ಇಷ್ಟು ದಿನ ನುಂಗ್ಕೊಂಡಿದ್ದೆ. ನನ್ನ ಮದುವೆ ಆಗ್ತೀಯಾ ಬೆಲ್?"

"ಒಳಗೆ ಅಷ್ಟು ಜನರ ಮುಂದೆ ಹೇಳಿದ್ದು ಕೇಳಿಸ್ಲಿಲ್ವಾ?"

"ಕೇಳಿಸ್ತು. ಇನ್ನೊಂದ್ಸಲ ಹೇಳು."

"ಆಗ್ತೀನಿ."

ಅವನು ಅವಳ ಕೆನ್ನೆಯ ನೀರು ಒರೆಸಿದ.

"ಯೋಚ್ನೆ ಮಾಡ್ಕೋ," ಅಂದ. "ಮದುವೆಗೆ ಅಂತ ಊರಿಗೆ ಕರ್ಕೊಂಡು ಹೋಗೋಕಾಗಲ್ಲ. ನಾನು ಎಲ್ಲಿಗೂ ಹೋಗೋ ಹಾಗಿಲ್ಲ ಅಂತ ಅವ್ರು ಹೇಳಿದ್ದು ಕೇಳಿದ್ಯಲ್ಲ?"

ಫ್ಲೋರಬೆಲ್ ಅವನ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಅವ್ರು ಹೇಳಿದ್ದು ಎರಡು ವರ್ಷಕ್ಕೆ," ಅಂದಳು. "ನಾನು ಹೇಳ್ತಿರೋದು ಜನ್ಮಕ್ಕೆ."