ಬಲಗೈ ಉಂಗುರ

ಅರೆತಿ ಆ ದ್ವೀಪಕ್ಕೆ ಕಾಲಿಟ್ಟ ದಿನವೇ ಒಬ್ಬನ ಕೆನ್ನೆಗೆ ಬಾರಿಸಿದ್ದಳು.

ಹಡಗಿನಿಂದ ಇಳಿದು ಪೆಟ್ಟಿಗೆ ಕೆಳಗಿಟ್ಟಿದ್ದಳಷ್ಟೆ, ಮೇಲಿನ ಗುಡ್ಡ ಢಮಾರ್ ಎಂದಿತು. ಯುದ್ಧವೇ ಶುರುವಾಯಿತೆಂದು ಬಂದರಿನ ಕಲ್ಲಿನ ಮೇಲೆ ಬೋರಲು ಬಿದ್ದಳು. ತಲೆಯೆತ್ತಿ ನೋಡಿದರೆ ಸುತ್ತಲಿನವರು ಹಾಯಾಗಿ ಕಾಫಿ ಕುಡಿಯುತ್ತಿದ್ದಾರೆ! ಅಗಲ ಭುಜದವನೊಬ್ಬ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ಹೆದರಬೇಡಿ ಡಾಕ್ಟರಮ್ಮ, ಯಾರದೋ ಮದುವೆ. ಡೈನಮೈಟ್ ಹಾರಿಸದೆ ನಮ್ಮಲ್ಲಿ ಹೆಣ್ಣು ಒಪ್ಪಿಸಲ್ಲ."

ಚಟೀರ್!

ಮರುದಿನ ಅದೇ ಕೆನ್ನೆ ಹೊತ್ತುಕೊಂಡು ಆಸ್ಪತ್ರೆಗೆ ಬಂದ. ಹೆಸರು ಸ್ಕೇವೊಸ್, ಕಡಲ ತಳಕ್ಕೆ ಮುಳುಗಿ ಸ್ಪಂಜು ಕಿತ್ತು ತರುವವನು.

"ಇದಕ್ಕೆ ಮುಲಾಮು ಕೊಡಿ."

"ಇನ್ನೊಂದು ಕೆನ್ನೆಗೂ ಕೊಡಲಾ?"

"ಕೊಡಿ. ನಾಳೆನೂ ಬರೋಕೆ ನೆಪ ಆಗುತ್ತೆ."

ನಗು ಬಚ್ಚಿಡಲು ಅರೆತಿ ಕಿಟಕಿಯತ್ತ ತಿರುಗಿದಳು. ಗಾಜಿನಲ್ಲೂ ಅವನ ಕಣ್ಣು ಅವಳನ್ನೇ ನೋಡುತ್ತಿತ್ತು.

ಅವಳು ಬಂದದ್ದು ಒಂದು ವರ್ಷದ ಸರಕಾರಿ ಸೇವೆಗೆ; ಹೊಸ ಡಾಕ್ಟರುಗಳಿಗೆ ಅದು ತಪ್ಪಿದ್ದಲ್ಲ. ಆ ವರ್ಷ ಡೈನಮೈಟಿಗೆ ಸಿಕ್ಕ ಏಳು ಕೈಗಳಿಗೆ ಹೊಲಿಗೆ ಹಾಕಿದ್ದಳು. ಸಂಜೆಯಾದರೆ ಸ್ಕೇವೊಸ್ ಸುಟ್ಟ ಆಕ್ಟೋಪಸ್ ಹಿಡಿದು ಅವಳ ಮನೆಯ ಮೆಟ್ಟಿಲ ಮೇಲೆ ಹಾಜರ್. ಉಪ್ಪಿಗೆ ಬಿರುಕು ಬಿಟ್ಟ ಅವನ ಬಲಗೈಯನ್ನು ಅವಳು ಯಾರನ್ನೂ ಪ್ರೀತಿಸದಷ್ಟು ಪ್ರೀತಿಸಿದಳು. ಅದಕ್ಕೇ ಈಸ್ಟರ್ ಹತ್ತಿರವಾದಂತೆ ಅವಳಿಗೆ ನಿದ್ದೆ ಹಾರಿಹೋಯಿತು. ಆ ದಿನ ಊರು ಎರಡು ಪಂಗಡವಾಗಿ ಎದುರುಬದುರು ಗುಡ್ಡ ಹತ್ತಿ, ಹಬ್ಬದ ಪೈಪೋಟಿಗೆ ಬಿದ್ದು ಡೈನಮೈಟ್ ಎಸೆಯುತ್ತದೆ.

"ಸ್ಕೇವೊಸ್, ನೀನು ಹತ್ತಬೇಡ."

"ಅಪ್ಪ ಸತ್ತಿದ್ದು ಅಲ್ಲೇ ಕಣೇ. ಮೊದಲ ಡೈನಮೈಟ್ ಕಡ್ಡಿ ಹಚ್ಚೋ ಹಕ್ಕು ನಮ್ಮ ಮನೇದು. ಹಚ್ಚದಿದ್ರೆ ಊರು ಮುಖಕ್ಕೆ ಉಗಿಯುತ್ತೆ."

"ಉಗೀಲಿ! ಉಗುಳಿಗೆ ಹೊಲಿಗೆ ಬೇಕಾಗಲ್ಲ."

"ಹಠಮಾರಿ!"

"ಮುಠ್ಠಾಳ!" ಕೈಯಲ್ಲಿದ್ದ ತಟ್ಟೆ ಅವನ ಕಿವಿಯ ಪಕ್ಕದ ಗೋಡೆಗೆ ಬಡಿದು ಚೂರಾಯಿತು. "ನನ್ನ ಸೇವೆಯ ವರ್ಷ ಹೇಗೂ ಮುಗೀತು, ಒಂದು ಕಡ್ಡಿ ಹಚ್ಚಿದರೂ ಸೋಮವಾರದ ಹಡಗು ಹತ್ತುತ್ತೀನಿ. ಮತ್ತೆ ನಿನ್ನ ಮುಖ ನೋಡಿದರೆ ಕೇಳು."

ಸ್ಕೇವೊಸ್ ಬಗ್ಗಿ ತಟ್ಟೆಯ ಚೂರುಗಳನ್ನು ಆರಿಸಿದ. ಕೊನೆಗೆ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು "ಹಚ್ಚಲ್ಲ" ಎಂದ.

ಈಸ್ಟರ್ ಮಧ್ಯಾಹ್ನ ಆಸ್ಪತ್ರೆಯ ಗಾಜುಗಳು ಗಡಗಡ ನಡುಗುತ್ತಿದ್ದವು. ಅರೆತಿಯ ಬಾಡಿಗೆ ಮನೆಯ ಒಡತಿ ಥೆಮೆಲಿನಾ ಅಜ್ಜಿ ಕುರಿಮಾಂಸದ ತಟ್ಟೆ ತಂದು ಇನ್ನೂ ಮೇಜಿನ ಮೇಲಿಟ್ಟಿರಲಿಲ್ಲ, ಹೊರಗೆ ಟ್ರಕ್ಕು ಕೀಚೆಂದು ನಿಂತಿತು. ಇಬ್ಬರು ಸ್ಕೇವೊಸ್‌ನನ್ನು ಹೊತ್ತು ತಂದರು. ಬಲಗೈಗೆ ಸುತ್ತಿದ ಟವೆಲಿನಿಂದ ರಕ್ತ ಬಳಬಳ ಸುರಿಯುತ್ತಿತ್ತು. ಬಿಚ್ಚಿದಳು. ಉಂಗುರದ ಬೆರಳು, ಕಿರುಬೆರಳು ಎರಡೂ ಇರಲಿಲ್ಲ.

"ಹಚ್ಚಿದೆಯಾ?"

"ಹಚ್ಚಿದೆ." ಸುಳ್ಳು ಹೇಳಲಿಲ್ಲ, ಪಾಪಿ. "ಒಂದೇ ಒಂದು, ಅಪ್ಪನ ಹೆಸರಿಗೆ. ಎಸೆಯೋ ಹೊತ್ತಿಗೆ ಕೆಳಗೆ ನಿನ್ನ ಆಸ್ಪತ್ರೆ ಕಾಣ್ತು. ನೀನು ಹಡಗು ಹತ್ತೋದು ಕಣ್ಣಿಗೆ ಕಟ್ತು. ಎಸೆಯೋದು ತಡವಾಯ್ತು, ಕೈಯಲ್ಲೇ ಸಿಡೀತು."

ಅದೇ ಕೆನ್ನೆಗೆ ಇನ್ನೊಮ್ಮೆ ಬಾರಿಸಿದಳು. ಆಮೇಲೆ ಕೈ ತೊಳೆದು ಸೂಜಿ ಹಿಡಿದಳು. ದೊಡ್ಡ ಆಸ್ಪತ್ರೆಗೆ ಒಯ್ಯಲು ಕರೆದ ಹೆಲಿಕಾಪ್ಟರಿಗೆ ಬಿರುಗಾಳಿಯಲ್ಲಿ ಬರಲಾಗಲಿಲ್ಲ. ಎರಡು ಗಂಟೆ ಒಬ್ಬಳೇ ಹೊಲಿದಳು. ಮಾಸ್ಕಿನೊಳಗೆ ಕಣ್ಣೀರು ಇಳಿಯುತ್ತಲೇ ಇತ್ತು.

ರಕ್ತದ ಪ್ಯಾಂಟು ತೆಗೆಯುವಾಗ ಅಜ್ಜಿಗೆ ಜೇಬಿನಲ್ಲಿ ಎರಡು ಉಂಗುರ ಸಿಕ್ಕವು.

"ಅಯ್ಯೋ ನನ್ನ ಕಂದಾ! ನಿಶ್ಚಿತಾರ್ಥಕ್ಕೆ ಎಡಗೈ, ಮದುವೆಗೆ ಬಲಗೈ. ಆ ಬೆರಳೇ ಇಲ್ಲವಲ್ಲೋ! ಪಾದ್ರಿ ಉಂಗುರ ಎಲ್ಲಿ ಹಾಕ್ತಾನೋ?"

"ಇವತ್ತು ಕೇಳೋಣ ಅಂತ ತಂದಿದ್ದೆ," ಎಂದ ಸ್ಕೇವೊಸ್. "ಈಗ ಯಾವ ಮುಖ ಇಟ್ಕೊಂಡು ಕೇಳಲಿ?"

ಅರೆತಿ ಉಂಗುರಗಳ ರಕ್ತ ತೊಳೆದು ಮೇಜಿನ ಮೇಲಿಟ್ಟಳು.

ಸೋಮವಾರ ಬೆಳಿಗ್ಗೆ ಬಂದರಿನಲ್ಲಿ ಹಡಗು ಕೂಗಿತು. ಅವಳ ಪೆಟ್ಟಿಗೆ ಬಾಗಿಲ ಬಳಿಯಿತ್ತು. ಅವಳು ಅವನ ಮಂಚದ ಪಕ್ಕ ಕುಳಿತು ಬ್ಯಾಂಡೇಜು ಬಿಚ್ಚುತ್ತಿದ್ದಳು. ಹಡಗು ಮತ್ತೆ ಕೂಗಿತು.

"ಹೊರಡು ಅರೆತಿ. ತಪ್ಪಿಹೋಗುತ್ತೆ."

"ನನಗೂ ಕಿವಿ ಇದೆ."

ಮೂರನೇ ಕೂಗಿಗೆ ಹಡಗು ಹೊರಟೇಬಿಟ್ಟಿತು. ಅವನು ಕಣ್ಣರಳಿಸಿ ಅವಳನ್ನು ನೋಡಿದ.

"ಹೋಗ್ತೀನಿ ಅಂದಿದ್ದೆ ನೀನು."

"ಹಚ್ಚಲ್ಲ ಅಂದಿದ್ದೆ ನೀನು. ಇಬ್ಬರೂ ಮಾತು ಮುರಿದ್ವಿ, ಸರಿ ಹೋಯ್ತು. ಮುಂದಿನ ವರ್ಷ ಗುಡ್ಡದ ಮೇಲೆ ಕಂಡೆಯೋ, ಉಳಿದ ಎಂಟನ್ನೂ ನಾನೇ ಕತ್ತರಿಸಿ ಹಾಕ್ತೀನಿ."

"ಅಪ್ಪನಿಗೆ ಚರ್ಚಿನಲ್ಲಿ ಮೇಣದ ಬತ್ತಿ ಹಚ್ತೀನಿ ಕಣೇ. ಎಡಗೈಲಿ." ಬ್ಯಾಂಡೇಜು ಬಿಚ್ಚಿದ ಕೈಯನ್ನು ನೋಡಿಕೊಂಡ. "ಆದರೆ ನನ್ನ ಉಂಗುರ?"

"ಬಾವು ಇಳೀಲಿ. ನಡುಬೆರಳು ಉಳಿದಿದೆಯಲ್ಲ, ಪಾದ್ರಿಗೆ ನಾನು ಹೇಳ್ತೀನಿ."

ಮೇಜಿನ ಮೇಲಿದ್ದ ಚಿಕ್ಕ ಉಂಗುರವನ್ನು ತೆಗೆದು ಅವಳೇ ತನ್ನ ಬೆರಳಿಗೆ ಹಾಕಿಕೊಂಡಳು.

"ಏ, ಅದು ಬಲಗೈ! ಮದುವೆ ಕೈ!" ಎಂದ ಸ್ಕೇವೊಸ್.

"ಗೊತ್ತು," ಎಂದು ಅರೆತಿ ಹೊಸ ಬ್ಯಾಂಡೇಜು ಸುತ್ತತೊಡಗಿದಳು.