ಬೇಕಂತಲೇ ಕೊಟ್ಟ ಹೆಡ್

"ಸಿಲಿಂಡರ್ ಹೆಡ್ ಬೇಕಿತ್ತು..."

ಆ ದನಿ ಕೇಳಿದ್ದೇ ಪ್ರೇಮಲತಾಳ ಕೈಯಲ್ಲಿದ್ದ, ಲೋಹ ಉಜ್ಜುವ ಗ್ರೈಂಡರ್ ನಿಂತಿತು.

ಮಾರುತೇಶ!

ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಹಿಂದಿನ ಬೀದಿಯ ಆ ವರ್ಕ್‌ಶಾಪ್ ಅವಳದೇ. ಅಪ್ಪನಿಂದ ಕಲಿತ ಇಂಜಿನ್ ಕೆಲಸ. ಅದು ಗೊತ್ತಿದ್ದೂ ಬಂದಿದ್ದಾನಲ್ಲ... ಎಷ್ಟು ಧೈರ್ಯ!

ಹೋದ ವರ್ಷ ಮೊಳಕಾಲ್ಮೂರಿನಲ್ಲಿ ಇವನ ಜೊತೆಗೇ ಅವಳ ನಿಶ್ಚಿತಾರ್ಥ. ನೆಂಟರೆಲ್ಲ ತುಂಬಿದ್ದ ಮನೆಯಲ್ಲಿ ಇವನ ದೊಡ್ಡಪ್ಪ ಜಂಪಣ್ಣ ಅವಳ ಕೈ ಎತ್ತಿ ಹಿಡಿದಿದ್ದ. "ಉಗುರಿನಾಗೆಲ್ಲ ಕರಿ ಆಯಿಲ್ಲು! ಇದೇನು ಹೆಣ್ಣೋ, ಗ್ಯಾರೇಜೋ?"

ಮನೆಯೆಲ್ಲ ನಕ್ಕಿತ್ತು. ಮಾರುತೇಶ ತಲೆ ತಗ್ಗಿಸಿ ಕೂತಿದ್ದ. ಒಂದೇ ಒಂದು ಮಾತು... ಊಹೂಂ!

ತಾಂಬೂಲದ ತಟ್ಟೆ ಅವರ ಮುಂದೆ ಕುಕ್ಕಿ ಅವಳೇ ಎದ್ದು ಬಂದಿದ್ದಳು. ಆ ನಗು ಮಾತ್ರ ಇವತ್ತಿಗೂ ಕಿವಿಯಿಂದ ಹೋಗಿರಲಿಲ್ಲ.

"ಯಾವ ಗಾಡಿಗೆ?" ಎಂದಳು ಮುಖ ನೋಡದೆ.

"ನನ್ನ ಹಳೇ ಝೆನ್ ಕಾರಿಗೆ. ದಿನಾ ಪಂಪ್‌ಸೆಟ್ ರಿಪೇರಿಗೆ ಹಳ್ಳಿ ತಿರುಗೋದು ಅದ್ರಾಗೇ. ರಾಂಪುರದ ಹತ್ರ ಡ್ರ್ಯಾಗ್ ರೇಸ್ ಐತಲ್ಲ... ಅಲ್ಲೂ ಓಡಿಸ್ಬೇಕು."

"ವಾಲ್ವು ತೆರೆಯೋ ಕ್ಯಾಮ್ ಯಾವ್ದು?"

"ಕಂಪನಿದೇ. ಬದಲಾಯಿಸಿಲ್ಲ."

ಇಂಜಿನ್ನಿನ ನೆತ್ತಿ ಮುಚ್ಚುವ ಎರಡು ಹೆಡ್ ಮೇಜಿನ ಮೇಲಿದ್ದವು. ಒಂದರಲ್ಲಿ ಗಾಳಿ ಹೋಗುವ ದಾರಿ ಸಣ್ಣದು, ನುಣುಪಾದದ್ದು. ಸಣ್ಣ ದಾರಿಯಲ್ಲಿ ಗಾಳಿಗೆ ವೇಗ ಜಾಸ್ತಿ, ನಿಂತ ಗಾಡಿ ಚಂಗನೆ ಎಳೆಯುತ್ತದೆ. ರೋಡಿಗೂ ಸೈ, ರೇಸಿಗೂ ಸೈ. ಇನ್ನೊಂದರದು ಬಾವಿಯಂಥ ದಾರಿ, ದೊಡ್ಡ ವಾಲ್ವು. ಬರೀ ರೇಸಿಗೆಂದೇ ಕಟ್ಟಿದ ಇಂಜಿನ್ನಿಗಾದರೆ ಹುಲಿ. ಇವನ ಗಾಡಿಗೆ ಹಾಕಿದರೆ ಶುರುವಿನಲ್ಲೇ ಉಸಿರು ಕಟ್ಟುತ್ತದೆ.

ಯಾವುದು ಸರಿ ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವತ್ತು ನಾನು ನಗೆಪಾಟಲಾದೆ. ಈಗ ನಿನ್ನ ಸರದಿ!

ದೊಡ್ಡದನ್ನೇ ಮುಂದೆ ತಳ್ಳಿದಳು. "ಇದು."

ಅವನು ಒಳಗೆ ಬೆರಳಾಡಿಸಿ ನೋಡಿದ. "ಇಷ್ಟು ದೊಡ್ಡದಾ?"

"ಗಾಳಿ ಜಾಸ್ತಿ ಹೋದಷ್ಟೂ ಪವರ್ ಜಾಸ್ತಿ. ನಂಬಿಕೆ ಇಲ್ದಿದ್ರೆ ಬೇರೆ ಕಡೆ ಹೋಗು."

ಅವನು ಅವಳನ್ನೇ ಒಂದು ಕ್ಷಣ ನೋಡಿದ. "ನೀನು ಹೇಳಿದ್ಮೇಲೆ ಮುಗೀತು."

ಅವನು ಹೋದ ಮೇಲೆ ಅವಳು ಸಣ್ಣಗೆ ನಕ್ಕಳು. ಆದರೆ ಆ ಕಣ್ಣುಗಳು... ಛೇ! ನೆನಪಿಸಿಕೊಳ್ಳಬಾರದು!

ರೇಸಿನ ದಿನ ಬಂತು. ರಾಂಪುರದಾಚೆ ಹೊಸ ಲೇಔಟಿನ ನೇರ ರಸ್ತೆ, ಎರಡೂ ಕಡೆ ಜನ. ಪ್ರೇಮಲತಾ ಎಲ್ಲರಿಗಿಂತ ಮುಂದೆ ನಿಂತಿದ್ದಳು. ಅವನು ಸೋಲುವುದನ್ನು ಕಣ್ತುಂಬ ನೋಡಬೇಕಿತ್ತು.

ಬಾವುಟ ಬಿತ್ತು. ಪಕ್ಕದ ಕಾರು ಬಾಣದಂತೆ ಹೋಯಿತು. ಮಾರುತೇಶನ ಝೆನ್ ಕೆಮ್ಮಿತು... ಮುಗ್ಗರಿಸಿತು... ಎತ್ತಿನ ಗಾಡಿಯ ಹಾಗೆ ತೆವಳಿತು!

ಜನ ಹೋ ಎಂದು ಕೂಗಿದರು, ಶಿಳ್ಳೆ ಹೊಡೆದರು.

ನಗಲಿ! ಹೊಟ್ಟೆ ತುಂಬ ನಗಲಿ! ಅವಳ ಎದೆ ತಣ್ಣಗಾಯಿತು.

"ಲೇ ಮಾರುತಿ!" ಜನರ ನಡುವಿನಿಂದ ಜಂಪಣ್ಣ ಅರಚಿದ. "ಆ ಹುಡುಗಿ ಕೈಗೆ ಇಂಜಿನ್ ಕೊಟ್ರೆ ಇನ್ನೇನಾಗ್ತೈತಲೇ!"

ಮಾರುತೇಶ ಕಾರಿನಿಂದ ಇಳಿದ. ಈ ಸಲ ಅವನ ತಲೆ ತಗ್ಗಲಿಲ್ಲ.

"ದೊಡ್ಡಪ್ಪ, ಸಾಕು ನಿಲ್ಸು! ಅವಳಂಥ ಕೆಲಸಗಾರರು ಈ ಸೀಮೆಯಾಗೇ ಇಲ್ಲ. ದೊಡ್ಡ ಹೆಡ್ಡೇ ಬೇಕು ಅಂತ ಹಠ ಮಾಡಿದ್ದು ನಾನು. ತಪ್ಪು ನಂದು!"

ಇಷ್ಟು ಹೊತ್ತು ಸಿಹಿಯಾಗಿದ್ದದ್ದು ಪ್ರೇಮಲತಾಳಿಗೆ ಕಹಿಯಾಯಿತು. ಇವನು ನನಗೋಸ್ಕರ ಸುಳ್ಳು ಹೇಳ್ತಿದ್ದಾನೆ...

"ಸುಳ್ಳು!" ಎನ್ನುತ್ತಾ ರಸ್ತೆಯ ನಡುವೆಯೇ ನಡೆದು ಬಂದಳು. "ಇವನೇನೂ ಕೇಳ್ಲಿಲ್ಲ. ತಪ್ಪು ಹೆಡ್ ಅಂತ ಗೊತ್ತಿದ್ದೇ ಕೊಟ್ಟೆ. ಬೇಕಂತಲೇ!" ಜಂಪಣ್ಣನತ್ತ ತಿರುಗಿದಳು. "ನನಗೆ ಕೆಲಸ ಬರಲ್ಲ ಅಂತ ಮಾತ್ರ ಅನ್ನಬೇಡ್ರಿ. ಹಿಂಗೆ ಕೆಡಿಸೋಕೂ ಕೆಲಸ ಗೊತ್ತಿರ್ಬೇಕು!"

ಯಾರೋ ಚಪ್ಪಾಳೆ ತಟ್ಟಿದರು. ಜಂಪಣ್ಣ ಟವೆಲ್ಲು ಕೊಡವಿ ಅಲ್ಲಿಂದ ಜಾಗ ಖಾಲಿ ಮಾಡಿದ.

ಕಾರನ್ನು ರಸ್ತೆಯ ಅಂಚಿಗೆ ತಳ್ಳಿದ ಮೇಲೆ ಅವರಿಬ್ಬರೇ ಉಳಿದರು.

"ನಿನಗೆ ಗೊತ್ತಿತ್ತಾ?" ಎಂದಳು.

"ಹಾಕಿಸಿದ ಮೊದಲ ದಿನವೇ. ದಿಣ್ಣೆ ಹತ್ತೋಕೆ ಅಳ್ತಿತ್ತು ಗಾಡಿ."

"ಮತ್ತೆ ಯಾಕೆ ಬಿಚ್ಚಿಸಲಿಲ್ಲ?"

"ನೀನು ಕೊಟ್ಟ ಶಿಕ್ಷೆ ಅಲ್ವಾ... ಪೂರ್ತಿ ಅನುಭವಿಸ್ಬೇಕು ಅನ್ನಿಸ್ತು."

ಅವಳ ಕಣ್ಣು ತುಂಬಿತು. "ಅವತ್ತು ಯಾಕೆ ಸುಮ್ನಿದ್ದೆ ಮಾರುತಿ? ನಿನಗೂ ನನ್ನ ಕೈ ಕಂಡ್ರೆ ಅಸಹ್ಯ ಅಂದ್ಕೊಂಡೆ..."

"ಅಸಹ್ಯನಾ? ಈ ಕೈಯ ಕೆಲಸ ನೋಡಿಯೇ ನಿನ್ನ ಕೇಳೋಕೆ ಮನೆಯವ್ರನ್ನ ಕಳ್ಸಿದ್ದು!" ಅವನು ಬಾನೆಟ್ಟಿಗೆ ಕೈ ಊರಿದ. "ಹೆದರಿಬಿಟ್ಟೆ ಪ್ರೇಮ. ಚಿಕ್ಕಂದಿನಿಂದ ದೊಡ್ಡಪ್ಪನ ಎದುರು ಬಾಯಿ ಬಿಟ್ಟವನಲ್ಲ. ನಿಮ್ಮ ಬಾಗಿಲ ತನಕ ಎಷ್ಟೋ ಸಲ ಬಂದೆ... ಒಳಗೆ ಬರೋಕೆ ಮುಖ ಇರ್ಲಿಲ್ಲ. ಹೆಡ್ ಬೇಕು ಅನ್ನೋದು ಒಂದು ನೆಪ ಅಷ್ಟೇ. ನಂಗೆ ನೀನು ಬೇಕು."

ಅವಳು ಬಿಸಿ ಬಾನೆಟ್ಟಿನ ಮೇಲಿಂದ ಅವನ ಕೈಯನ್ನು ಮೆಲ್ಲಗೆ ಎತ್ತಿ ತನ್ನ ಕೈಯಲ್ಲಿಟ್ಟುಕೊಂಡಳು.

"ಕೋಪ ಹೋಯ್ತಾ?"

"ಇನ್ನೂ ಐತೆ... ಸ್ವಲ್ಪ. ಕೀ ಕೊಡು, ಚಳ್ಳಕೆರೆ ತನಕ ನಾನೇ ಓಡಿಸ್ತೀನಿ."

"ಇದು ಎಳೆಯಲ್ಲ ಕಣೇ..."

"ಗೊತ್ತು." ಅವಳು ನಾಚಿ ನಕ್ಕಳು. "ನಿಧಾನಕ್ಕೇ ಹೋಗೋಣ ಬಾ. ಮಾತಾಡೋದು ಬೇಜಾನ್ ಐತೆ."